ಗುಂಪಿನಲ್ಲಿ ಬೈಕ್ ಸವಾರಿ: ಮೊದಲ ಸಲ ಹೊರಡುವವರಿಗೆ

ಒಬ್ಬರೇ ಗಾಡಿ ಓಡಿಸುವಾಗ ಕಣ್ಣಿಗೆ ರಸ್ತೆ ಕಾಣುತ್ತದೆ. ಹನ್ನೆರಡು ಗಾಡಿಗಳ ಸಾಲಿನಲ್ಲಿ ಏಳನೆಯವರಾಗಿ ಹೊರಟರೆ ಮುಂದಿನವರ ಬ್ರೇಕ್ ಲೈಟ್ ಕಾಣುತ್ತದೆ. ಗುಂಡಿ ಅವರ ಚಕ್ರದಡಿಯಿಂದ ದಿಢೀರನೆ ಎದ್ದುಬರುತ್ತದೆ, ಹಂಪು ಅವರು ಎಗರಿದಾಗಲೇ ಗೊತ್ತಾಗುತ್ತದೆ, ತಿರುವಿನ ಅಂದಾಜನ್ನೂ ಅವರೇ ಮಾಡಿದಂತಾಗಿ ನಮ್ಮ ಲೆಕ್ಕ ನಿಂತುಹೋಗುತ್ತದೆ. ದಿನಾ ಪೇಟೆಯಲ್ಲಿ, ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡಿಸುವವರೂ ಮೊದಲ ಗುಂಪು ಸವಾರಿಯಲ್ಲಿ ತಡಬಡಾಯಿಸುವುದು ಇದರಿಂದಲೇ. ಕಲಿಯಬೇಕಾದ ಹೊಸ ವಿದ್ಯೆ ಹೆಚ್ಚೇನಿಲ್ಲ: ಮುಂದಿನವರಿಂದ ಅಂತರ ಕಾಯುವುದು, ಹಿಂದಿನವರನ್ನು ಕನ್ನಡಿಯಲ್ಲಿ ಕಾಯುವುದು. ಉಳಿದ ನಿಯಮಗಳೆಲ್ಲ ಈ ಎರಡರಿಂದ ಹುಟ್ಟಿದವು.

ಉದಾಹರಣೆಗೆ ನಮ್ಮ ಕಡೆಯ ಒಂದು ಭಾನುವಾರದ ದಾರಿಯನ್ನೇ ಇಟ್ಟುಕೊಳ್ಳೋಣ. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಹೆದ್ದಾರಿ ಬಿಟ್ಟು ವಾಣಿ ವಿಲಾಸ ಸಾಗರ. ಹೋಗಲು ಸುಮಾರು 125 ಕಿ.ಮೀ., ಬರಲು ಅಷ್ಟೇ. ಒಬ್ಬರೇ ಹೋದರೆ ಎರಡು ಗಂಟೆಯ ಚಿಲ್ಲರೆ ದಾರಿ. ಗುಂಪಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಓಡುತ್ತಿರುವಾಗಿನ ಸರಾಸರಿ ವೇಗ ಗಂಟೆಗೆ 50 ಕಿ.ಮೀ. ಎಂದು ಹಿಡಿದರೆ ಎರಡೂವರೆ ಗಂಟೆ, ಇಪ್ಪತ್ತು ನಿಮಿಷದ ಎರಡು ವಿರಾಮ, ತಿಂಡಿಗೆ ಒಂದು ಗಂಟೆ. ಬೆಳಿಗ್ಗೆ 6ಕ್ಕೆ ಹೊರಟವರು ಅಣೆಕಟ್ಟೆ ಮುಟ್ಟುವುದು ಹತ್ತು ದಾಟಿದ ಮೇಲೆ. ಮನೆಯಲ್ಲಿ "ಹನ್ನೆರಡಕ್ಕೆಲ್ಲ ವಾಪಸ್ ಬರ್ತೀನಿ" ಅಂತ ಹೇಳಿ ಹೊರಟವರು ಹಿಂದಿರುಗುವಾಗ ಅವಸರ ಮಾಡುತ್ತಾರೆ, ಆ ಅವಸರ ಇಡೀ ಸಾಲಿಗೆ ಅಂಟುತ್ತದೆ. ಮಧ್ಯಾಹ್ನ ಮೂರು ಎಂದೇ ಹೇಳಿ ಹೊರಡಿ.

ಹಿಂದಿನ ದಿನ ಮಾಡಬೇಕಾದದ್ದು

ಗುಂಪಿನ ಮೆಸೇಜಿನಲ್ಲಿ ಎರಡು ಸಮಯ ಇರುತ್ತವೆ. ಒಂದು ಸೇರುವ ಹೊತ್ತು, ಇನ್ನೊಂದು ಸ್ಟ್ಯಾಂಡ್ ಎತ್ತಿ ಹೊರಡುವ ಹೊತ್ತು. 5:30ಕ್ಕೆ ಸೇರಿ 6ಕ್ಕೆ ಹೊರಡುವುದು ಎಂದಿದ್ದರೆ ನಡುವಿನ ಅರ್ಧ ಗಂಟೆ ಹರಟೆಗಲ್ಲ. ದಾರಿ, ಸನ್ನೆ, ಯಾರ ಹಿಂದೆ ಯಾರು ಎನ್ನುವುದನ್ನು ಹೇಳುವುದು ಆಗಲೇ. ಹೊಸಬರು ಅದನ್ನು ತಪ್ಪಿಸಿಕೊಂಡರೆ ದಿನವಿಡೀ ಊಹೆಯ ಮೇಲೆ ಓಡಿಸಬೇಕಾಗುತ್ತದೆ.

ಟ್ಯಾಂಕ್ ತುಂಬಿಸಿಕೊಂಡು, ಗಾಳಿ ನೋಡಿಕೊಂಡು ಬರುವುದು ಮೊದಲ ಮರ್ಯಾದೆ. ಹನ್ನೆರಡು ಗಾಡಿಗಳು ಬೆಳಿಗ್ಗೆ ಒಂದೇ ಬಂಕಿಗೆ ನುಗ್ಗಿದರೆ, ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೂ ಅಲ್ಲಿಗೇ ಅರ್ಧ ಗಂಟೆ ಹೋಯಿತು. ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಬೇಕು. ಹತ್ತಾರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಒಳಗಿನ ಗಾಳಿ ಬಿಸಿಯಾಗಿ ಮೀಟರ್ ಹೆಚ್ಚು ತೋರಿಸುತ್ತದೆ. 150 ಸಿಸಿ ಸುತ್ತಮುತ್ತಲಿನ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಹಿಂದೆ 28ರಿಂದ 32. ಹಿಂದೆ ಒಬ್ಬರು ಕೂರುತ್ತಾರಾದರೆ ಹಿಂಬದಿ ಚಕ್ರಕ್ಕೆ ಹೆಚ್ಚಿನ ಅಂಕಿ. ನಿಮ್ಮ ಗಾಡಿಯ ಸರಿಯಾದ ಅಂಕಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಅಥವಾ ಚೈನ್ ಕವರ್ ಮೇಲಿನ ಸ್ಟಿಕರಿನಲ್ಲಿ, ಇಲ್ಲವೇ ಕಂಪನಿ ಕೊಟ್ಟ ಪುಸ್ತಕದಲ್ಲಿ ಇರುತ್ತದೆ.

ಚೈನನ್ನು ಅದು ಸುತ್ತುವ ಎರಡು ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ಗಳ ನಡುಭಾಗದಲ್ಲಿ ಬೆರಳಿನಿಂದ ಎತ್ತಿ ಇಳಿಸಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ತೀರಾ ಬಿಗಿಯಿದ್ದರೆ ಹಂಪಿನ ಮೇಲೆ ಸಸ್ಪೆನ್ಷನ್ ಕೂತಾಗ ಚೈನ್ ಎಳೆದು ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ತೀರಾ ಸಡಿಲವಿದ್ದರೆ ಕಳಚಿಕೊಂಡು ಹಿಂದಿನ ಚಕ್ರವನ್ನೇ ಹಿಡಿದುಬಿಡಬಹುದು. ಕ್ಲಚ್ ಲಿವರ್ ತುದಿಯಲ್ಲಿ ಹತ್ತು ಹದಿನೈದು ಮಿಲಿಮೀಟರ್ ಖಾಲಿ ಆಟ ಇರಲಿ. ಲಿವರಿನ ಹತ್ತಿರ ಕ್ಲಚ್ ಕೇಬಲಿನ ಎಳೆಗಳು ಒಂದೆರಡು ಬಿಟ್ಟುಕೊಂಡಿದ್ದರೆ ಇವತ್ತೇ ಬದಲಿಸಿ, ಏಕೆಂದರೆ ಕೇಬಲ್ ಹರಿಯುವುದು ಯಾವಾಗಲೂ ಮನೆಯಿಂದ ದೂರದಲ್ಲಿ. ಟೈರಿನ ಗೆರೆಗಳ ನಡುವೆ ಸವೆತ ತೋರಿಸುವ ಸಣ್ಣ ಉಬ್ಬುಗಳಿವೆ. ಗೆರೆ ಸವೆದು ಉಬ್ಬಿಗೆ ಸಮವಾಗಿದ್ದರೆ ಆ ಟೈರಿನಲ್ಲಿ ಹೊರಡಬೇಡಿ. ಬ್ರೇಕ್ ಲೈಟ್ ಎರಡೂ ಬ್ರೇಕಿಗೆ ಹತ್ತುತ್ತದೆಯೇ ಎಂದು ಗೋಡೆಗೆ ಹಿಂಬದಿ ಮಾಡಿ ನೋಡಿಕೊಳ್ಳಿ. ಸಾಲಿನಲ್ಲಿ ನಿಮ್ಮ ಹಿಂದಿನವರು ನಂಬುವುದು ಅದೊಂದನ್ನೇ.

ಟ್ಯೂಬ್‌ಲೆಸ್ ಗಾಡಿಯಾದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪ್ ಸಾಕು. ಟ್ಯೂಬ್ ಇರುವ ಗಾಡಿಗೆ ಹೊಸ ಟ್ಯೂಬನ್ನೇ ಒಯ್ಯುವುದು ಮೇಲು. ಭಾನುವಾರ ಬೆಳಿಗ್ಗೆ ಏಳಕ್ಕೆ ಪಂಕ್ಚರ್ ಅಂಗಡಿ ತೆರೆದಿರುತ್ತದೆ ಎನ್ನುವ ಭರವಸೆ ಇಲ್ಲ. ಸ್ಪಾರ್ಕ್ ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದೆರಡು ಫ್ಯೂಸ್, ಇನ್ಸುಲೇಷನ್ ಟೇಪ್, ನಾಲ್ಕು ಕೇಬಲ್ ಟೈ. ಒಂದು ಕೈಚೀಲಕ್ಕೆ ಹಿಡಿಯುವಷ್ಟೇ ಸಾಮಾನು.

ಮೈಮೇಲೆ ಏನಿರಬೇಕು ಎನ್ನುವುದರಲ್ಲಿ ರಾಜಿ ಬೇಡ. ಐಎಸ್‌ಐ ಗುರುತಿನ, ಐಎಸ್ 4151 ಎಂದು ಮುದ್ರಿಸಿದ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್. ಹಿಂದೆ ಕೂರುವವರಿಗೂ ಅದೇ. ಪಟ್ಟಿ ಹಾಕಿಕೊಂಡು ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲ. ಕೈಗವಸು, ಕಣಕಾಲು ಮುಚ್ಚುವ ಶೂ, ದಪ್ಪ ಪ್ಯಾಂಟು. ಜಾಕೆಟ್ ಕೊಳ್ಳಲು ಈಗ ಆಗದಿದ್ದರೆ ಕೊನೆಪಕ್ಷ ತುಂಬು ತೋಳಿನ ದಪ್ಪ ಬಟ್ಟೆ ಮತ್ತು ಮೊಣಕಾಲು, ಮೊಣಕೈ ಗಾರ್ಡ್. ಚಪ್ಪಲಿಯಲ್ಲಿ ಬಂದವರನ್ನು ಗುಂಪು ವಾಪಸ್ ಕಳಿಸಿದರೆ ಬೇಸರ ಬೇಡ. ಬಿದ್ದಾಗ ಡಾಂಬರಿಗೆ ಮೊದಲು ಉಜ್ಜುವುದು ಅಂಗೈ ಮತ್ತು ಪಾದ. ರಕ್ತದ ಗುಂಪು, ಮನೆಯವರ ನಂಬರು ಬರೆದ ಚೀಟಿಯೊಂದು ಜಾಕೆಟಿನ ಜೇಬಿನಲ್ಲಿರಲಿ. ಲಾಕ್ ಆದ ಫೋನಿನಿಂದ ಯಾರಿಗೂ ಉಪಯೋಗವಿಲ್ಲ. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಡಿಜಿಲಾಕರಿನಲ್ಲಿದ್ದರೆ ನಡೆಯುತ್ತದೆ.

ಯಾರ ಹಿಂದೆ ಯಾರು

ಮುಂದೆ ಹೋಗುವವರನ್ನು ಲೀಡ್ ಎನ್ನುತ್ತಾರೆ, ಕೊನೆಯಲ್ಲಿ ಬರುವವರನ್ನು ಸ್ವೀಪ್. ಗುಂಪು ದೊಡ್ಡದಾದರೆ ನಡುವೆ ಸಾಲನ್ನು ನೋಡಿಕೊಳ್ಳಲು ಮಾರ್ಷಲ್ ಒಬ್ಬರು. ಲೀಡ್ ಅನ್ನು ಯಾರೂ ದಾಟುವುದಿಲ್ಲ, ಸ್ವೀಪ್‌ಗಿಂತ ಹಿಂದೆ ಯಾರೂ ಉಳಿಯುವುದಿಲ್ಲ. ನೋಡುವವರಿಗೆ ಲೀಡ್ ಜಾಗವೇ ದೊಡ್ಡದು. ಕೆಲಸ ಬಲ್ಲವರನ್ನು ಕೇಳಿದರೆ ಸ್ವೀಪ್ ಜಾಗಕ್ಕೇ ಗುಂಪಿನ ಅತ್ಯಂತ ಅನುಭವಿ ಬೇಕು ಎನ್ನುತ್ತಾರೆ. ಕೆಟ್ಟ ಗಾಡಿ, ದಣಿದ ಸವಾರ, ಬಿದ್ದವರು, ಎಲ್ಲರೂ ಕೊನೆಗೆ ಬಂದು ಸೇರುವುದು ಅವರ ಕೈಗೆ.

"ಅಣ್ಣಾ, ನಂದು ಇದೇ ಮೊದಲ ರೈಡು" ಎಂದು ಲೀಡ್‌ಗೆ ಹೇಳಲು ಸಂಕೋಚ ಬೇಡ. ಸಂಕೋಚಪಟ್ಟವರು ತಾವಾಗಿಯೇ ಹಿಂದೆ ಹಿಂದೆ ಸರಿಯುತ್ತಾರೆ. "ನಿಧಾನಕ್ಕೆ ಕೊನೇಲಿ ಬರ್ತೀನಿ" ಎನ್ನುತ್ತಾರೆ. ಅದೇ ತಪ್ಪು. ಹೊಸಬರ ಜಾಗ ಲೀಡ್‌ನ ಬೆನ್ನಿಗೆ, ಎರಡನೆಯ ಅಥವಾ ಮೂರನೆಯ ಗಾಡಿಯಾಗಿ. ಅಲ್ಲಿ ಲೀಡ್ ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತ ನಿಮ್ಮ ವೇಗಕ್ಕೆ ಇಡೀ ಸಾಲನ್ನು ಇಳಿಸಬಲ್ಲರು. ಕೊನೆಯಲ್ಲಿ ಯಾಕೆ ಕಷ್ಟ ಎನ್ನುವುದಕ್ಕೆ ಗಣಿತವೇ ಇದೆ, ಮುಂದೆ ಬರುತ್ತದೆ.

ಗಾಡಿಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಊರಿನ ಗುಂಪುಗಳಲ್ಲಿ ಬುಲೆಟ್ ಪಕ್ಕದಲ್ಲಿ ಸ್ಪ್ಲೆಂಡರ್, ಅದರ ಹಿಂದೆ ಸ್ಕೂಟರ್ ಇರುವುದು ಸಹಜ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳಲ್ಲಿ ಡ್ರಮ್ ಬ್ರೇಕ್ ಮಾತ್ರ. ಡಿಸ್ಕ್ ಮತ್ತು ಎಬಿಎಸ್ ಇರುವವರು ನಿಂತಷ್ಟು ಬೇಗ ಹಿಂದಿನ ಡ್ರಮ್ ಬ್ರೇಕಿನವರು ನಿಲ್ಲಲಾರರು. ನಿಮ್ಮ ಮುಂದಿನ ಗಾಡಿ ನಿಮ್ಮದಕ್ಕಿಂತ ಚೆನ್ನಾಗಿ ನಿಲ್ಲುತ್ತದಾದರೆ ಅಂತರ ಇನ್ನಷ್ಟು ಬಿಡಿ.

ಅಂತರದ ಲೆಕ್ಕ

ಅಗಲವಾದ, ನೇರವಾದ ರಸ್ತೆಯಲ್ಲಿ ಗುಂಪು ಓರೆಸಾಲಿನಲ್ಲಿ ಹೋಗುತ್ತದೆ. ಲೀಡ್ ತಮ್ಮ ಪಥದ ಬಲಭಾಗದಲ್ಲಿ, ಎರಡನೆಯವರು ಅದೇ ಪಥದ ಎಡಭಾಗದಲ್ಲಿ ಒಂದು ಸೆಕೆಂಡ್ ಹಿಂದೆ, ಮೂರನೆಯವರು ಮತ್ತೆ ಬಲಭಾಗದಲ್ಲಿ. ಹೀಗೆ ನಿಮ್ಮ ನೇರ ಮುಂದಿರುವ ಗಾಡಿ ಎರಡು ಸೆಕೆಂಡ್ ದೂರ. ಪಥದ ನಡುಭಾಗ ಖಾಲಿ. ಅಲ್ಲಿ ಲಾರಿಗಳಿಂದ ಸುರಿದ ಎಣ್ಣೆ ಇರುತ್ತದೆ, ಟೋಲ್ ಮತ್ತು ಸಿಗ್ನಲ್ ಹತ್ತಿರ ಇನ್ನೂ ಹೆಚ್ಚು. ಇಬ್ಬರು ಅಕ್ಕಪಕ್ಕ ಜೋಡಿಯಾಗಿ ಹೋಗುವುದು ಫೋಟೋಗೆ ಚೆಂದ, ಆದರೆ ಒಬ್ಬರು ಗುಂಡಿ ತಪ್ಪಿಸಲು ಹೊರಳಿದರೆ ಇನ್ನೊಬ್ಬರಿಗೆ ಜಾಗವೇ ಇರುವುದಿಲ್ಲ. ಓರೆಸಾಲಿನ ಪ್ರಯೋಜನವೇ ಅದು: ಪ್ರತಿಯೊಬ್ಬರಿಗೂ ಪಥದ ಪೂರ್ತಿ ಅಗಲ ಹೊರಳಲು ಸಿಗುತ್ತದೆ.

ಸೆಕೆಂಡನ್ನು ಅಳೆಯುವುದು ಹೀಗೆ. ನಿಮ್ಮ ನೇರ ಮುಂದಿನವರು ಒಂದು ಕಿಲೋಮೀಟರ್ ಕಲ್ಲನ್ನೋ ಸೇತುವೆಯ ತುದಿಯನ್ನೋ ದಾಟಿದ ಕ್ಷಣ "ಸಾವಿರದ ಒಂದು, ಸಾವಿರದ ಎರಡು" ಎಂದು ಸಾವಧಾನವಾಗಿ ಹೇಳಿಕೊಳ್ಳಿ. ಹೇಳಿ ಮುಗಿಯುವ ಮುಂಚೆ ನೀವು ಅಲ್ಲಿಗೆ ಬಂದಿದ್ದರೆ ಹತ್ತಿರವಾಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 17 ಮೀಟರ್ ಓಡುತ್ತೀರಿ, 80ರಲ್ಲಿ 22 ಮೀಟರ್. ಕಣ್ಣು ಬ್ರೇಕ್ ಲೈಟ್ ಕಂಡು ಕೈ ಲಿವರ್ ಹಿಡಿಯುವ ಹೊತ್ತಿಗೆ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಅಂದರೆ 80ರಲ್ಲಿ ಬ್ರೇಕ್ ಹಿಡಿಯುವ ಮುಂಚೆಯೇ 22 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಮತ್ತೆ 35 ಮೀಟರಿನಷ್ಟು ಬೇಕು. ಒಟ್ಟು 57.

ಎರಡು ಸೆಕೆಂಡಿನ ಅಂತರ ಎಂದರೆ 44 ಮೀಟರ್ ಮಾತ್ರ, 57 ಅಲ್ಲವಲ್ಲ ಎಂದು ಕೇಳಬಹುದು. ಮುಂದಿನವರೂ ಬ್ರೇಕ್ ಹಾಕಿ ನಿಲ್ಲುತ್ತಾರಾದ್ದರಿಂದ ಅವರಿಗೂ ಅಷ್ಟೇ ದೂರ ಬೇಕು. ನಿಮಗೆ ಬೇಕಾದದ್ದು ಆ ಒಂದು ಸೆಕೆಂಡಿನ ತಡ ಮತ್ತು ಸ್ವಲ್ಪ ಹೆಚ್ಚುವರಿ ಜಾಗ. ಆದರೆ ಅವರು ಯಾವುದಕ್ಕಾದರೂ ಗುದ್ದಿ ಇದ್ದಲ್ಲೇ ನಿಂತುಬಿಟ್ಟರೆ 44 ಮೀಟರ್ ಸಾಲದು. ಅದಕ್ಕೇ ಕಣ್ಣನ್ನು ಮುಂದಿನವರ ಬೆನ್ನಿಗೆ ನೆಡಬಾರದು. ಅವರ ಭುಜದಾಚೆ, ಅವರ ಮುಂದಿನ ಎರಡು ಮೂರು ಗಾಡಿಗಳಾಚೆ ರಸ್ತೆಯನ್ನೇ ನೋಡುತ್ತಿರಬೇಕು. ಬ್ರೇಕ್ ಲೈಟ್ ಅಂಚುಗಣ್ಣಿಗೆ ತಾನಾಗಿಯೇ ಬೀಳುತ್ತದೆ. ಮಳೆ ಬಿದ್ದ ರಸ್ತೆಯಾದರೆ ನಾಲ್ಕು ಸೆಕೆಂಡ್.

ತಿರುವು, ಕಿರಿದಾದ ಹಳ್ಳಿ ರಸ್ತೆ, ಜಲ್ಲಿ, ಟೋಲ್, ಓವರ್‌ಟೇಕ್ ಇವುಗಳಲ್ಲಿ ಓರೆಸಾಲು ಇಲ್ಲ. ಒಬ್ಬರ ಹಿಂದೊಬ್ಬರು, ಎರಡು ಸೆಕೆಂಡ್ ಅಂತರದಲ್ಲಿ. ಟೋಲಿನಲ್ಲಿ ದ್ವಿಚಕ್ರಗಳಿಗೆ ಶುಲ್ಕವಿಲ್ಲ. ಹೆಬ್ಬಾಳು ಟೋಲಿನಂಥ ಕಡೆ ಎಡಗಡೆಯ ಇಕ್ಕಟ್ಟಿನ ದಾರಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ, ದಾಟಿದ ಕೂಡಲೇ ನಿಲ್ಲದೆ ನಿಧಾನವಾಗಿ ಮುಂದುವರಿಯಬೇಕು. ಬೂತ್ ದಾಟಿದ ಜಾಗದಲ್ಲಿ ಎಲ್ಲ ಪಥಗಳ ಲಾರಿಗಳೂ ವೇಗ ಹಿಡಿಯುತ್ತ ಒಟ್ಟಿಗೆ ಕೂಡುತ್ತವೆ, ಗುಂಪು ಕಾಯುವ ಜಾಗ ಅದಲ್ಲ.

ಬಾಲ ಯಾಕೆ ಓಡುತ್ತದೆ

80ರ ವೇಗದಲ್ಲಿ ಒಂದು ಸೆಕೆಂಡಿನ ಓರೆಸಾಲಿನಲ್ಲಿ ಹನ್ನೆರಡು ಗಾಡಿಗಳು ಸುಮಾರು 240 ಮೀಟರ್ ಉದ್ದ. ಒಂದೇ ಸಾಲಾದರೆ ಅರ್ಧ ಕಿಲೋಮೀಟರಿನ ಹತ್ತಿರ. ಇಷ್ಟುದ್ದದ ಸಾಲು ಒಂದು ಲಾರಿಯನ್ನು ಒಟ್ಟಿಗೆ ದಾಟಲು ಸಾಧ್ಯವೇ ಇಲ್ಲ. ಲೀಡ್ ದಾಟಿ ಹೋದರು, ನಾಲ್ವರು ದಾಟಿದರು, ಅಷ್ಟರಲ್ಲಿ ಹಿಂದಿನಿಂದ ಕಾರುಗಳು ಬಂದವು, ಉಳಿದವರು ಲಾರಿಯ ಹಿಂದೆ ಉಳಿದರು. ಅವರಿಗೆ ದಾರಿ ಸಿಗುವ ಹೊತ್ತಿಗೆ ಮುಂದಿನವರು ಒಂದು ಕಿಲೋಮೀಟರ್ ದೂರ.

ಲೀಡ್ 70ರಲ್ಲಿ ಹೋಗುತ್ತಿದ್ದು ಹಿಂದಿನವರು 80ರಲ್ಲಿ ಹಿಂಬಾಲಿಸಿದರೆ ಆ ಒಂದು ಕಿಲೋಮೀಟರ್ ಮುಚ್ಚಲು ಆರು ನಿಮಿಷ ಬೇಕು. ಅಷ್ಟರಲ್ಲಿ ಇನ್ನೊಂದು ಲಾರಿ ಸಿಕ್ಕೇ ಸಿಗುತ್ತದೆ, ಅಂತರ ಮತ್ತೆ ಬೆಳೆಯುತ್ತದೆ. ಆಗ ಬಾಲದಲ್ಲಿರುವವರು ನೂರು ಮುಟ್ಟಿಸುತ್ತಾರೆ. ಇದಕ್ಕೇ ರಬ್ಬರ್ ಎಳೆತ ಎನ್ನುವುದು: ತಲೆ ಸಮಾಧಾನವಾಗಿರುತ್ತದೆ, ಬಾಲ ಏದುಸಿರು ಬಿಡುತ್ತದೆ. ಹೊಸಬರನ್ನು ಹಿಂದೆ ಬಿಡಬಾರದು ಎನ್ನುವುದು ಈ ಕಾರಣಕ್ಕೆ. ಲೀಡ್ 60ಕ್ಕೆ ಇಳಿಸಿದರೆ ಅದೇ ಅಂತರ ಮೂರು ನಿಮಿಷದಲ್ಲಿ ಮುಚ್ಚುತ್ತದೆ, ಯಾರೂ 80 ದಾಟಬೇಕಿಲ್ಲ. 2018ರ ಕೇಂದ್ರದ ಅಧಿಸೂಚನೆಯಂತೆ ನಾಲ್ಕು ಅಥವಾ ಹೆಚ್ಚು ಪಥಗಳ, ನಡುವೆ ವಿಭಜಕವಿರುವ ರಸ್ತೆಯಲ್ಲಿ ದ್ವಿಚಕ್ರದ ಗರಿಷ್ಠ ವೇಗವೂ ಗಂಟೆಗೆ 80 ಕಿ.ಮೀ. ಹಿಂದೆ ಉಳಿದುಹೋದರೆ ಗಾಬರಿ ಬೀಳಬೇಡಿ. ಮುಂದೆ ಕಾಯುತ್ತಾರೆ. ಕಾಯದ ಗುಂಪಾದರೆ ಮುಂದಿನ ಸಲ ಅವರ ಜೊತೆ ಹೋಗಬೇಕಿಲ್ಲ.

ಐದರಿಂದ ಏಳು ಗಾಡಿಗಳ ಎರಡು ತಂಡ ಮಾಡಿ, ಐದು ನಿಮಿಷ ಬಿಟ್ಟು ಹೊರಡಿಸುವುದು ಇದಕ್ಕೆ ಇರುವ ಒಳ್ಳೆಯ ಮದ್ದು. ಇಪ್ಪತ್ತು ಮೂವತ್ತು ಗಾಡಿಗಳ ಒಂದೇ ಮೆರವಣಿಗೆಗೆ ಕರೆದರೆ ತಂಡ ಒಡೆಯುತ್ತೀರಾ ಎಂದು ಮೊದಲೇ ಕೇಳಿ.

ಓವರ್‌ಟೇಕ್ ಮಾಡುವಾಗ ಪ್ರತಿಯೊಬ್ಬರ ತೀರ್ಮಾನ ಪ್ರತಿಯೊಬ್ಬರದು. ಮುಂದಿನವರು ನುಗ್ಗಿದರು ಎಂದು ಅವರ ಚಕ್ರ ಹಿಡಿದು ನುಗ್ಗಬೇಡಿ. ಅವರು ನೋಡಿದ ಜಾಗ ನೀವು ಹೊರಬರುವಷ್ಟರಲ್ಲಿ ಮುಚ್ಚಿರುತ್ತದೆ. "ಬಾ ಬಾ" ಎಂದು ಕೈ ಬೀಸಿ ಹಿಂದಿನವರನ್ನು ಕರೆಯುವ ಅಭ್ಯಾಸ ಕೆಲವರಿಗಿದೆ. ಕರೆದವರ ಮಾತಿಗೆ ಅಲ್ಲ, ನಿಮ್ಮ ಕಣ್ಣಿಗೆ ಕಂಡದ್ದಕ್ಕೆ ಹೊರಡಿ. ದಾಟಿದ ಮೇಲೆ ವಾಹನದ ಮುಂದೆಯೇ ವೇಗ ಇಳಿಸಬಾರದು. ಹಿಂದೆ ಬರುವವರಿಗೆ ಒಳಸೇರಲು ಜಾಗ ಬೇಕು.

ತಿರುವಿನಲ್ಲಿ ಕಳೆದುಹೋಗದಂತೆ

ಹಿರಿಯೂರಿನ ಬಳಿ ಹೆದ್ದಾರಿ ಬಿಡುವಂಥ ಜಾಗದಲ್ಲಿ ಬಾಲದವರು ನೇರ ಬೆಂಗಳೂರಿನ ದಾರಿ ಹಿಡಿದು ಹೋಗುವುದು ತೀರಾ ಸುಲಭ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಲೀಡ್ ತಿರುಗುವ ಕಡೆ ಅವರ ಹಿಂದಿನ ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿದು, ಎಲ್ಲರಿಗೂ ಕಾಣುವ ಹಾಗೆ ನಿಂತು ಕೈ ತೋರಿಸುವುದು. ಎಲ್ಲರೂ ತಿರುಗಿ ಸ್ವೀಪ್ ಬರುವವರೆಗೆ ಅವರು ಅಲ್ಲಿಂದ ಕದಲುವಂತಿಲ್ಲ. ಸ್ವೀಪ್ ಕಂಡ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿನಲ್ಲಿ ಹೀಗೆ ನಿಲ್ಲುವುದು ಈಗ ಎರಡನೆಯ ಜಾಗಕ್ಕೆ ಬಂದಿರುವವರು. ಹತ್ತು ನಿಮಿಷ ಯಾರೂ ಬರದಿದ್ದರೂ ಕಾಯಬೇಕು, ಈ ಪದ್ಧತಿ ನಿಂತಿರುವುದೇ ಆ ನಂಬಿಕೆಯ ಮೇಲೆ. ಹೊಸಬರಿಗೆ ಈ ಕೆಲಸ ಕೊಡುವುದಿಲ್ಲ, ಹಾಗಾಗಿ ಇದನ್ನು ಅನುಸರಿಸುವ ಗುಂಪಿನಲ್ಲಿ ನಿಮ್ಮನ್ನು ಮೂರನೆಯ ಜಾಗದಲ್ಲೇ ಉಳಿಸಿಕೊಳ್ಳುತ್ತಾರೆ.

ಇನ್ನೊಂದು ಉಪಾಯ ಸರಳ. ತಿರುಗುವ ಮುನ್ನ ಕನ್ನಡಿಯಲ್ಲಿ ನಿಮ್ಮ ಹಿಂದಿನವರು ಕಾಣದಿದ್ದರೆ ನೀವು ಸುರಕ್ಷಿತ ಜಾಗ ನೋಡಿ ನಿಲ್ಲುತ್ತೀರಿ. ನೀವು ಕಾಣದೆ ನಿಮ್ಮ ಮುಂದಿನವರು ನಿಲ್ಲುತ್ತಾರೆ. ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿ ಲೀಡ್‌ವರೆಗೆ ಹೋಗುತ್ತದೆ. ಯಾರೂ ಫೋನ್ ತೆಗೆಯಬೇಕಿಲ್ಲ.

ಕೈಸನ್ನೆಗಳೆಲ್ಲ ಎಡಗೈಯವು, ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲ. ತೋರುಬೆರಳೊಂದನ್ನು ಮೇಲೆತ್ತಿದರೆ ಒಂದೇ ಸಾಲು, ಎರಡು ಬೆರಳಾದರೆ ಓರೆಸಾಲು. ಅಂಗೈ ಕೆಳಗೆ ಮಾಡಿ ಗಾಳಿಯನ್ನು ತಟ್ಟಿದರೆ ನಿಧಾನ. ಎಡಕ್ಕೆ ಗುಂಡಿ ಇದ್ದರೆ ಕೈಯಿಂದ ತೋರಿಸುವುದು, ಬಲಕ್ಕಿದ್ದರೆ ಬಲಗಾಲು ಚಾಚುವುದು. ಟ್ಯಾಂಕಿನತ್ತ ಬೆರಳು ಮಾಡಿದರೆ ಪೆಟ್ರೋಲ್ ಬೇಕು. ಮುಷ್ಟಿ ಮುಚ್ಚಿ ತೆರೆದರೆ ನಿಮ್ಮ ಇಂಡಿಕೇಟರ್ ಆರಿಸಿಲ್ಲ ಎಂದರ್ಥ. ಗುಂಪಿನಿಂದ ಗುಂಪಿಗೆ ಸನ್ನೆ ಸ್ವಲ್ಪ ಬದಲಾಗುತ್ತದೆ, ಬೆಳಿಗ್ಗೆ ಹೇಳುವಾಗ ಕೇಳಿಸಿಕೊಳ್ಳಿ. ಕಂಡ ಸನ್ನೆಯನ್ನು ಹಿಂದಿನವರಿಗೂ ತೋರಿಸಬೇಕು, ಆದರೆ ಕ್ಲಚ್ ಹಿಡಿಯಬೇಕಾದ ಹೊತ್ತಿನಲ್ಲಿ ಸನ್ನೆ ಬಿಟ್ಟು ಹ್ಯಾಂಡಲ್ ಹಿಡಿಯಿರಿ.

ನಮ್ಮ ರಸ್ತೆಗಳ ಗುಣ

ದಾವಣಗೆರೆಯಿಂದ ಚಿತ್ರದುರ್ಗದತ್ತ ಹೆದ್ದಾರಿ ಆಗ್ನೇಯಕ್ಕೆ ಓಡುತ್ತದೆ. ಬೆಳಿಗ್ಗೆ ಹೊರಟರೆ ಹುಟ್ಟುವ ಸೂರ್ಯ ನೇರ ಕಣ್ಣಿಗೆ, ಸಂಜೆ ತಡಮಾಡಿ ಹಿಂದಿರುಗಿದರೆ ಮುಳುಗುವ ಸೂರ್ಯನೂ ಕಣ್ಣಿಗೆ. ಹೆಲ್ಮೆಟಿನ ಗಾಜಿನ ಮೇಲಿನ ಸಣ್ಣ ಗೀರೂ ಆಗ ಇಡೀ ನೋಟವನ್ನು ಬೆಳ್ಳಗೆ ಮಾಡುತ್ತದೆ. ಗೀರಾದ ಗಾಜು ಬದಲಿಸಿ, ಒದ್ದೆ ಬಟ್ಟೆಯೊಂದು ಇಟ್ಟುಕೊಳ್ಳಿ. ಬಿಸಿಲು ನಿಮ್ಮ ಕಣ್ಣಿಗೆ ಬಿದ್ದರೆ ಮುಂದಿನವರ ಬ್ರೇಕ್ ಲೈಟ್ ಹತ್ತಿದ್ದೂ ಕಾಣದು, ಆಗ ಎರಡು ಸೆಕೆಂಡಿನ ಅಂತರವನ್ನು ಮೂರು ಮಾಡಿ.

ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿ ನೈಋತ್ಯದಿಂದ, ಅಂದರೆ ಹೋಗುವಾಗ ಬಲಮಗ್ಗುಲಿಗೆ, ಬರುವಾಗ ಎಡಮಗ್ಗುಲಿಗೆ ಹೊಡೆಯುತ್ತದೆ. ಬರುವಾಗಿನದು ಹೆಚ್ಚು ಮೋಸದ್ದು. ಕಂಟೇನರ್ ಲಾರಿಯನ್ನು ಅದರ ಬಲಕ್ಕೆ ದಾಟುವಾಗ ಲಾರಿಯೇ ಗಾಳಿಗೆ ಗೋಡೆಯಾಗಿ ನಿಂತು ಗಾಡಿ ಹಗುರವಾದಂತೆ ಅನಿಸುತ್ತದೆ. ಲಾರಿಯ ಮೂತಿ ದಾಟಿದ ಮರುಕ್ಷಣ ಗಾಳಿ ಒಮ್ಮೆಲೇ ಎಡದಿಂದ ಗುದ್ದಿ ನಿಮ್ಮನ್ನು ಡಿವೈಡರ್ ಕಡೆಗೆ ತಳ್ಳುತ್ತದೆ. ಇದು ಬರುತ್ತದೆ ಎಂದು ಗೊತ್ತಿದ್ದರೆ ಸಾಕು: ಮೊಣಕಾಲುಗಳಿಂದ ಟ್ಯಾಂಕ್ ಬಿಗಿಹಿಡಿದು, ಕೈ ಸಡಿಲಬಿಟ್ಟು, ಡಿವೈಡರಿಗೆ ಅಂಟದೆ ಪಥದ ನಡುವಿಗೆ ಇರಿ. ಕೈ ಬಿಗಿದರೆ ಗಾಳಿಯ ಗುದ್ದು ನಿಮ್ಮ ಮೈಯಿಂದ ಹ್ಯಾಂಡಲಿಗೆ ಇಳಿದು ಗಾಡಿ ಅಲ್ಲಾಡುತ್ತದೆ. ಜೋರು ಗಾಳಿಯ ದಿನ ಓರೆಸಾಲು ಬೇಡ.

ಹೆದ್ದಾರಿ ಬಿಟ್ಟು ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ರಸ್ತೆಗಳಿಗೆ ಇಳಿದರೆ ಸುಗ್ಗಿಯ ಕಾಲದಲ್ಲಿ ರಸ್ತೆಯೇ ಕಣ. ಮೆಕ್ಕೆಜೋಳ ಮಾರುವವರಿಗೆ ತೇವಾಂಶ ಶೇ 14ರ ಆಸುಪಾಸಿಗೆ ಇಳಿಯಬೇಕು, ಇಲ್ಲವಾದರೆ ಬೆಲೆ ಕಡಿತ. ಮನೆಯ ಕಣ ಸಾಲದು, ಡಾಂಬರು ಬೇಗ ಕಾಯುತ್ತದೆ. ಹಾಗಾಗಿ ಅರ್ಧ ರಸ್ತೆ ಹಳದಿ. ಅದರ ಅಂಚಿಗೆ ವಾಹನ ಹತ್ತದಿರಲೆಂದು ತೆಂಗಿನಕಾಯಿ ಗಾತ್ರದ ಕಲ್ಲುಗಳ ಸಾಲು. ಕಾಳು ಗಟ್ಟಿ, ನುಣುಪು. ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತದೆ. ಮೇಲೆ ಹತ್ತಲೇಬೇಕಾಗಿ ಬಂದರೆ ಹತ್ತುವ ಮುಂಚೆಯೇ ವೇಗ ಇಳಿಸಿ, ಹತ್ತಿದ ಮೇಲೆ ಬ್ರೇಕ್ ಮುಟ್ಟದೆ, ಗಾಡಿ ವಾಲಿಸದೆ, ನೇರ ದಾಟಿ. ಸಂಜೆಯಾದರೆ ರಾಶಿ ಮಾಡಿ ಕಪ್ಪು ಟಾರ್ಪಾಲು ಹೊದಿಸಿ ಮೇಲೆ ಕಲ್ಲಿಡುತ್ತಾರೆ. ಕಪ್ಪು ರಸ್ತೆಯ ಮೇಲೆ ಕಪ್ಪು ಟಾರ್ಪಾಲು, ಹೆಡ್‌ಲೈಟಿಗೂ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಗುಂಪು ಸವಾರಿ ಬೇಡ ಎನ್ನಲು ಇದೊಂದೇ ಕಾರಣ ಸಾಕು. ಹುರುಳಿ, ತೊಗರಿಯ ಸೊಪ್ಪುಸೆದೆಯನ್ನು ವಾಹನ ತುಳಿಯಲೆಂದು ಹರಡಿರುತ್ತಾರೆ. ಅದು ಚೈನಿಗೂ ಸ್ಪ್ರಾಕೆಟಿಗೂ ಸುತ್ತಿಕೊಳ್ಳುತ್ತದೆ. ದಾಟಿದ ಮೇಲೆ ನಿಂತು ಬಿಡಿಸಿಕೊಂಡೇ ಮುಂದೆ ಹೋಗಿ. ರೈತರೊಂದಿಗೆ ಜಗಳಕ್ಕೆ ನಿಲ್ಲಬೇಡಿ, ಒಂದು ಮಳೆ ಬಂದರೆ ಅವರ ಬೆಳೆಯೇ ಹೋಗುತ್ತದೆ.

ಹೆದ್ದಾರಿಯಲ್ಲೇ ಇದ್ದರೂ ಭರಮಸಾಗರ, ಆನಗೋಡಿನಂಥ ಊರುಗಳ ಹತ್ತಿರ ಎಡ ಅಂಚಿನಲ್ಲಿ ಎದುರಿನಿಂದ ಬರುವ ಬೈಕುಗಳನ್ನು ನಿರೀಕ್ಷಿಸಿ. ಹಿಂಬದಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ರಸ್ತೆ ದಾಟುವ ಕುರಿ ಹಿಂಡು ಇದ್ದೇ ಇರುತ್ತವೆ. ಹಿಂಡಿಗೆ ಹಾರ್ನ್ ಮಾಡಿದರೆ ಚದುರುತ್ತದೆ. ಇಂಜಿನ್ ಆರಿಸಿ ನಿಂತರೆ ಕುರಿಗಾಹಿಯೇ ದಾಟಿಸಿಕೊಂಡು ಹೋಗುತ್ತಾರೆ.

ನಿಲ್ಲುವುದು, ತಿನ್ನುವುದು

ಗುಂಪಿನ ಪೆಟ್ರೋಲ್ ಲೆಕ್ಕ ಅತಿ ಸಣ್ಣ ಟ್ಯಾಂಕಿನದು. ಸ್ಕೂಟರ್ ಇದ್ದರೆ ಅದರ ಟ್ಯಾಂಕ್ ಐದು ಲೀಟರಿನ ಆಸುಪಾಸು. ಎದುರುಗಾಳಿ, ಹಿಂದೆ ಒಬ್ಬರು ಎಂದರೆ ಲೀಟರಿಗೆ 40 ಕಿ.ಮೀ. ಹಿಡಿಯಿರಿ, 200ರೊಳಗೆ ಖಾಲಿ. ಹಾಗಾಗಿ 120ರಿಂದ 150 ಕಿ.ಮೀ.ಗೆ ಒಂದು ಬಂಕ್. ನಿಂತಾಗ ಗಾಡಿಗಳೆಲ್ಲ ರಸ್ತೆಯಿಂದ ಪೂರ್ತಿ ಕೆಳಗೆ, ಹೊರಡುವ ದಿಕ್ಕಿಗೆ ಮುಖಮಾಡಿ.

ದಾವಣಗೆರೆಯಿಂದ ಹೊರಡುವ ಗುಂಪಿಗೆ ಬೆಣ್ಣೆ ದೋಸೆಯ ಆಸೆ ತಪ್ಪಿದ್ದಲ್ಲ. ದೋಸೆ ಹಂಚಿನ ಮೇಲೆ ಒಂದು ಸಲಕ್ಕೆ ಇಷ್ಟೇ ಎಂದು ಬರುತ್ತದೆ. ಹನ್ನೆರಡು ಜನಕ್ಕೆ ತಲಾ ಎರಡು ಎಂದರೆ ಸೌದೆ ಒಲೆಯ ಹೋಟೆಲಿನಲ್ಲಿ ಒಂದು ಗಂಟೆ ದಾಟುತ್ತದೆ. ಅದನ್ನು ಮರಳಿ ಬಂದ ಮೇಲಿನ ಬಹುಮಾನವಾಗಿ ಇಟ್ಟುಕೊಂಡು, ದಾರಿಯಲ್ಲಿ ಇಡ್ಲಿಯಂಥ ಬೇಗ ಬರುವ, ಹಗುರವಾದ ತಿಂಡಿ ತಿನ್ನುವುದು ಜಾಣತನ. ಬೆಣ್ಣೆ ತಿಂದು ಹತ್ತು ಗಂಟೆಯ ಬಿಸಿಲಿನಲ್ಲಿ ನೇರ ಹೆದ್ದಾರಿ ಹಿಡಿದರೆ ಕಣ್ಣು ಎಳೆಯುತ್ತದೆ. ನಿದ್ದೆ ಬಂದರೆ ಸನ್ನೆ ಮಾಡಿ ನಿಲ್ಲಿಸಿ, ಗುಂಪು ಕಾಯಲಿ. ನೀರನ್ನು ಬಾಯಾರಿಕೆ ಆಗುವ ಮುಂಚೆಯೇ, ನಿಂತಾಗಲೆಲ್ಲ ಕುಡಿಯಿರಿ.

ವಾಣಿ ವಿಲಾಸ ಸಾಗರಕ್ಕೆ ಹೋಗುವುದಾದರೆ ಕೆರೆಯ ಸುದ್ದಿ ನೋಡಿಕೊಳ್ಳಿ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ಬಿದ್ದ ದಿನಗಳಲ್ಲಿ ಆ ರಸ್ತೆ ಜಾತ್ರೆಯಾಗುತ್ತದೆ. ಅಂಥ ದಿನ ಸಾಲು ಕಟ್ಟಿ ಹೋಗುವುದು ಆಗದ ಮಾತು, ಬೇರೆ ದಾರಿ ಆರಿಸಿ.

ಕೆಟ್ಟರೆ, ಬಿದ್ದರೆ

ಒಂದು ಗಾಡಿ ಕೆಟ್ಟು ನಿಂತರೆ ಅದರ ಜೊತೆ ನಿಲ್ಲುವವರು ಸ್ವೀಪ್ ಮಾತ್ರ. ಉಳಿದವರು ಮುಂದಿನ ನಿಗದಿತ ನಿಲುಗಡೆಗೆ ಹೋಗಿ ಕಾಯುತ್ತಾರೆ. ಇದು ನಿರ್ದಯವಲ್ಲ. ಹೆದ್ದಾರಿಯ ಅಂಚಿನಲ್ಲಿ ಹನ್ನೆರಡು ಗಾಡಿಗಳು, ಇಪ್ಪತ್ತು ಜನ ಗುಂಪುಗೂಡಿದರೆ ಒಂದು ಪಂಕ್ಚರಿಗಿಂತ ದೊಡ್ಡ ಅಪಾಯ ಅಲ್ಲಿ ಹುಟ್ಟುತ್ತದೆ.

ಯಾರಾದರೂ ಬಿದ್ದರೆ ಮೊದಲ ಕೆಲಸ ಇನ್ನೊಬ್ಬರು ಬೀಳದಂತೆ ನೋಡುವುದು. ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ, ಒಬ್ಬರು ನೂರು ಮೀಟರ್ ಹಿಂದಕ್ಕೆ ಓಡಿ, ತಾವು ರಸ್ತೆಯ ಅಂಚಿನಾಚೆ ನಿಂತು, ಬರುವ ವಾಹನಗಳಿಗೆ ಬಟ್ಟೆ ಬೀಸಬೇಕು. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆದ್ದಾರಿ ಸಹಾಯವಾಣಿ 1033 ಸಹ ಇದೆ. "ದುರ್ಗ ದಾಟಿ ಸ್ವಲ್ಪ ಮುಂದೆ" ಎಂದರೆ ಯಾರಿಗೂ ತಿಳಿಯದು. ಅಂಚಿನ ಕಲ್ಲಿನ ಮೇಲಿರುವ ಕಿಲೋಮೀಟರ್ ಅಂಕಿ ಮತ್ತು ಯಾವ ಊರಿನ ಕಡೆಗೆ ಹೋಗುವ ಬದಿ ಎನ್ನುವುದನ್ನು ಹೇಳಿ. ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಎಳೆದದ್ದೇ ಮುಳುವಾಗಬಹುದು. ಗಾಜು ಮಾತ್ರ ಎತ್ತಿ, ತಲೆ ಅಲುಗದಂತೆ ಎರಡು ಕೈಯಿಂದ ಹಿಡಿದಿರಿ. ಎತ್ತಿ ಕೂರಿಸಿ ನೀರು ಕುಡಿಸುವ ಆತುರ ಬೇಡ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ.

ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯಿದೆಯ 134ಎ ಕಲಮಿನ ರಕ್ಷಣೆ ಇದೆ. ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ. ಕೇಂದ್ರದ 2025ರ ಯೋಜನೆಯಂತೆ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಸಿಗಬೇಕು. ಈ ಮಾರ್ಗದಲ್ಲಿ ಒಂದು ತುದಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ನಡುವೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಬಿದ್ದ ಜಾಗದಿಂದ ಯಾವುದು ಹತ್ತಿರ ಎಂದು ಲೀಡ್ ಮತ್ತು ಸ್ವೀಪ್‌ಗೆ ಮೊದಲೇ ಗೊತ್ತಿರಬೇಕು.

ನಡುದಾರಿಯಲ್ಲಿ ಬಿಟ್ಟು ಹೊರಡಬೇಕಾದರೆ ನಿಂತಾಗ ಲೀಡ್‌ಗೂ ಸ್ವೀಪ್‌ಗೂ ಇಬ್ಬರಿಗೂ ಹೇಳಿ ಹೊರಡಿ. ಹೇಳದೆ ಮನೆ ದಾರಿ ಹಿಡಿದ ಒಬ್ಬರಿಗಾಗಿ ಉಳಿದವರು ಬಂದ ದಾರಿಯಲ್ಲೇ ಹತ್ತಾರು ಕಿಲೋಮೀಟರ್ ಹುಡುಕುತ್ತ ಹಿಂದಿರುಗುತ್ತಾರೆ. ಮನೆ ಮುಟ್ಟಿದ ಮೇಲೆ ಚೈನ್ ಇನ್ನೂ ಬೆಚ್ಚಗಿರುವಾಗಲೇ ಲ್ಯೂಬ್ ಹಾಕಿ, ಆಗ ಅದು ರೋಲರುಗಳ ಒಳಗೆ ಇಳಿಯುತ್ತದೆ. ಹಾಗೆಯೇ ಗುಂಪಿಗೆ "ಮನೆ ತಲುಪಿದೆ" ಎಂದು ಒಂದು ಸಾಲು ಹಾಕಿ. ಹನ್ನೆರಡು ಜನ ಹೋಗಿದ್ದರೆ ಹನ್ನೆರಡನೆಯ ಮೆಸೇಜ್ ಬರುವವರೆಗೆ ಸ್ವೀಪ್ ಫೋನ್ ಕೆಳಗಿಡುವುದಿಲ್ಲ.